ನೋಯದ ಎರಡು ಬೆರಳು

ಮಂಜುಗಡ್ಡೆ ಹತ್ತಿ ಇಳಿದವರೆಲ್ಲ ಅಳುತ್ತಾರೆ. ಇದರಲ್ಲಿ ನಾಚಿಕೆಯೇನಿಲ್ಲ, ಆ ಆಟವೇ ಹಾಗೆ. ಹೆಪ್ಪುಗಟ್ಟಿ ನಿಂತ ಜಲಪಾತಕ್ಕೆ ಎರಡು ಕೈಯಲ್ಲಿ ಒಂದೊಂದು ಹಿಮಗೊಡಲಿ ಬೀಸುತ್ತ, ಬೂಟಿಗೆ ಕಟ್ಟಿಕೊಂಡ ಉಕ್ಕಿನ ಮುಳ್ಳುಗಳನ್ನು ಒದ್ದು ಊರುತ್ತ ಮೇಲೇರುವಾಗ ಕೈಗಳು ಬಹಳ ಹೊತ್ತು ತಲೆಗಿಂತ ಮೇಲೆಯೇ ಇರುತ್ತವೆ. ರಕ್ತ ಇಳಿದುಹೋಗಿ ಬೆರಳು ಮರಗಟ್ಟುತ್ತವೆ. ಕೆಳಗೆ ಬಂದ ಮೇಲೆ ಆ ರಕ್ತ ವಾಪಸು ಬರುತ್ತದಲ್ಲ, ಆಗಿನ ನೋವಿಗೆ ಗಟ್ಟಿಮುಟ್ಟಾದ ಗಂಡಸರೂ ಕೈಗಳನ್ನು ಕಂಕುಳಲ್ಲಿ ಒತ್ತಿ ಹಿಡಿದು ಕುಕ್ಕರುಗಾಲಲ್ಲಿ ಕೂತು ಅಳುತ್ತಾರೆ. ಕೆಲವರಿಗೆ ವಾಂತಿಯೂ ಆಗುತ್ತದೆ. ನಮ್ಮ ತಂಡದಲ್ಲಿ ಅದಕ್ಕೆ ‘ರೋನೆ ಕಾ ಟೈಮ್’, ಅಳುವ ಹೊತ್ತು, ಎಂದೇ ಹೆಸರು. ಅಳು ಮುಗಿದ ಮೇಲೆಯೇ ಚಹಾ.

ಆ ಜನವರಿಯಲ್ಲಿ ಸ್ಪಿತಿ ಕಣಿವೆಯಲ್ಲಿ ನನ್ನ ಬಲಗೈ ನೊಂದಿತು. ಎಡಗೈಯ ಮೂರು ಬೆರಳೂ ನೊಂದವು. ಎಡಗೈಯ ಉಂಗುರದ ಬೆರಳು ಮತ್ತು ಕಿರುಬೆರಳು ಮಾತ್ರ ಸುಮ್ಮನಿದ್ದವು. ನನಗೆ ಹೆಮ್ಮೆಯಾಯಿತು.

ಈಗ ಆ ಹೆಮ್ಮೆ ನೆನೆದರೆ ನನಗೇ ನಗು ಬರುತ್ತದೆ, ಸ್ವಲ್ಪ ಸಿಟ್ಟೂ ಬರುತ್ತದೆ. ನನ್ನ ಹಾಗೆ ಮೈಮೇಲಿನ ಒಂದು ಕಲೆಯನ್ನೋ ಜೋಮು ಹಿಡಿದ ಒಂದು ಬೆರಳನ್ನೋ ಇಟ್ಟುಕೊಂಡು, ಇದಕ್ಕೆ ಕಾರಣ ತನಗೆ ಗೊತ್ತು ಎಂದು ಸುಮ್ಮನೆ ಕೂತವರು ಯಾರಾದರೂ ಇದ್ದರೆ ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಮಹಾದೇವಿ. ಕಮಲಾಪುರದ ಒಂದು ಪ್ರೌಢಶಾಲೆಯಲ್ಲಿ ಪಿ.ಟಿ. ಟೀಚರ್. ಮನೆ ಕಲಬುರಗಿಯ ಶಹಾಬಜಾರದ ಒಂದು ಗಲ್ಲಿಯಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಮನೆಯಲ್ಲಿ ನಾವು ಮೂವರು: ನಾನು, ಕರೆಂಟಿನ ಸಾಮಾನಿನ ಅಂಗಡಿ ಇಟ್ಟಿರುವ ನನ್ನ ಗಂಡ ಶಿವಾನಂದ, ಮತ್ತು ಅವರ ತಾಯಿ, ಅಂದರೆ ನಮ್ಮ ಅತ್ತಿ. ಕಾಲೇಜಿನಲ್ಲಿ ಎನ್.ಸಿ.ಸಿ.ಯಲ್ಲಿದ್ದಾಗ ಪರ್ವತಾರೋಹಣದ ತರಬೇತಿಗೆಂದು ಹಿಮಾಲಯಕ್ಕೆ ಕಳಿಸಿದ್ದರು. ಅಲ್ಲಿ ಮೊದಲ ಸಲ ಮಂಜುಗಡ್ಡೆಯ ಗೋಡೆ ಕಂಡೆ. ಗಟ್ಟಿ ಗಡ್ಡೆಗೆ ಕೊಡಲಿ ಸರಿಯಾಗಿ ಕೂತರೆ ‘ಧಪ್’ ಎಂದು ತುಂಬಿದ ಕೊಡ ತಟ್ಟಿದ ಸದ್ದು ಬರುತ್ತದೆ. ಆ ಸದ್ದಿಗೆ ಮರುಳಾದವಳು ಇವತ್ತಿಗೂ ಸರಿಹೋಗಿಲ್ಲ. ಮದುವೆಗೆ ಮೊದಲೇ ಶಿವಾನಂದರ ಹತ್ತಿರ ಮಾತಾಡಿಕೊಂಡಿದ್ದೆ: ಪ್ರತಿ ಜನವರಿ ಹನ್ನೆರಡು ದಿನ ನಾನು ಹಿಮದಲ್ಲಿ. ಅವರು ಒಪ್ಪಿದರು. ಅತ್ತಿ ಒಪ್ಪಲಿಲ್ಲ, ಆದರೆ ತಡೆಯಲೂ ಇಲ್ಲ. ಪ್ರತಿ ವರ್ಷ ಬ್ಯಾಗು ಕಟ್ಟುವಾಗ ಎದುರು ಕೂತು ಅದೇ ಪ್ರಶ್ನೆ ಕೇಳುತ್ತಿದ್ದರು.

“ಅಲ್ಲ, ಆ ಬರ್ಫಿನ ಗೋಡಿ ಹತ್ತತಿಯಲ್ಲ, ಮ್ಯಾಲ ಏನರೆ ಅದ ಏನು? ಗುಡಿ?”

“ಏನೂ ಇಲ್ರೀ ಅತ್ತಿ.”

“ಮತ್ತ?”

“ಹತ್ತೂದು, ಇಳಿಯೂದ್ರಿ.”

“ಇಷ್ಟಕ್ಕ ನಾಕು ದಿನ ರೈಲು, ಬಸ್ಸು,” ಎಂದು ಅತ್ತಿ ಚಕ್ಕಲಿಯ ಡಬ್ಬಿಯನ್ನು ಬ್ಯಾಗಿಗೆ ತುರುಕುತ್ತಿದ್ದರು.

ಅಲ್ಲಿ ನಮಗೆ ಹಗ್ಗ ಹಿಡಿಯುವವನು ತಂಜಿನ್, ಆ ಕಣಿವೆಯವನೇ. ನನ್ನ ಕಲಬುರಗಿಯ ದಖನಿ ಹಿಂದಿ ಕೇಳಿದರೆ ಅವನಿಗೆ ಎಲ್ಲಿಲ್ಲದ ನಗು. ಆ ಜನವರಿಯಲ್ಲಿ ಎಲ್ಲರ ಅಳು ಮುಗಿದು ಚಹಾ ಬಂದಾಗ ನಾನು ಎಡಗೈಯ ಆ ಎರಡು ಬೆರಳಿನಲ್ಲಿ ಬಿಸಿ ಚಹಾದ ಮಗ್ಗು ಹಿಡಿದು ತೋರಿಸಿದೆ, ನೋಡು, ನನ್ನ ಕೈ ಪಳಗಿದೆ ಎಂದೆ. ತಂಜಿನ್ ನಗಲಿಲ್ಲ. “ದೀದಿ, ನೋಯುವ ಕೈಗೆ ನಾನು ಹೆದರುವುದಿಲ್ಲ. ನೋಯದ ಕೈಗೆ ಹೆದರುತ್ತೇನೆ,” ಎಂದು ಹಿಂದಿಯಲ್ಲಿ ಹೇಳಿ, ಮಗ್ಗು ಇಳಿಸಿ ಬೆರಳು ನೋಡಿದ. ಬಣ್ಣ ಸರಿ ಇತ್ತು. ಗುಳ್ಳೆ ಇರಲಿಲ್ಲ. ಆದರೂ ನಾಳೆ ಹತ್ತಬೇಡ ಎಂದ. ನಾನು ಕೇಳುವವಳಲ್ಲ.

ಮರುದಿನ ಮೂರು ಮಹಡಿಯಷ್ಟು ಎತ್ತರದಲ್ಲಿದ್ದಾಗ ಎಡಗೈಯ ಕೊಡಲಿ ಕಾಣಲಿಲ್ಲ. ‘ಜಾರಿತು’ ಎನ್ನಲಾರೆ, ಯಾಕೆಂದರೆ ಜಾರಿದ್ದು ನನಗೆ ತಿಳಿಯಲೇ ಇಲ್ಲ. ಹಿಡಿದಿದ್ದೇನೆ ಎಂದುಕೊಂಡೇ ಬಲಗಾಲು ಎತ್ತಿದೆ, ಅಷ್ಟರಲ್ಲಿ ಕೆಳಗಿದ್ದೆ. ಹಗ್ಗ ಬಿಗಿಯಿತು, ಭುಜ ಗಡ್ಡೆಗೆ ಬಡಿಯಿತು, ನೇತಾಡುತ್ತ ತಂಜಿನ್‌ನ ಮುಖ ನೋಡಿದೆ. ನನಗಿಂತ ಅವನೇ ಬೆಳ್ಳಗಾಗಿದ್ದ. ಗ್ಲೌಸು ಒದ್ದೆಯಾಗಿತ್ತು ಎಂದು ಎಲ್ಲರಿಗೂ ಹೇಳಿದೆ. ನನಗೂ ಅದನ್ನೇ ಹೇಳಿಕೊಂಡೆ.

ಫೆಬ್ರುವರಿಯ ಒಂದು ಬೆಳಿಗ್ಗೆ, ಕಲಬುರಗಿಯ ನಮ್ಮ ಅಡುಗೆಮನೆಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದೆ. ತವೆಯ ಮೇಲಿನ ರೊಟ್ಟಿಯನ್ನು ನಾನು ಬೆರಳಿನಿಂದಲೇ ಹೊರಳಿಸುವವಳು. ಶಾಲೆಗೆ ಬಂದಿದ್ದ ಹೊಸ ಹೆಡ್‌ಮಾಸ್ಟರ ಸುದ್ದಿ ಅತ್ತಿಗೆ ಹೇಳುತ್ತ ಕೈ ಅಲ್ಲೇ ಊರಿದ್ದೆ ಅಂತ ಕಾಣುತ್ತದೆ. ಅತ್ತಿ ಮೂಗು ಅರಳಿಸಿ, “ಏನ ಸುಡಾಕತ್ತದ?” ಎಂದವರು ಇದ್ದಕ್ಕಿದ್ದಂತೆ ಎದ್ದು ಬಂದು ನನ್ನ ಮಣಿಕಟ್ಟು ಹಿಡಿದು ಎಳೆದರು. ಕಿರುಬೆರಳಿನ ಅಂಚು ಬೆಳ್ಳಗೆ ಬೆಂದಿತ್ತು.

“ನಿನಗ ಗೊತ್ತಾಗ್ಲಿಲ್ಲೇನು?”

“ಬರ್ಫ್ ಹಿಡಿದು ಹಿಡಿದು ಗಟ್ಟಿ ಆಗ್ಯಾವ್ರೀ,” ಎಂದೆ.

ಅತ್ತಿ ಬಹಳ ಹೊತ್ತು ನನ್ನ ಬೆರಳನ್ನೇ ನೋಡಿದರು. ಬರ್ಫಿನ ಮೇಲಿದ್ದ ಅವರ ಹಳೆಯ ಸಿಟ್ಟಿಗೆ ಒಂದು ಕಾರಣ ಸಿಕ್ಕಿತು. ನನಗೂ ಆ ಕಾರಣ ಅನುಕೂಲವಾಗಿತ್ತು.

ನನ್ನ ತಪ್ಪು ಇಲ್ಲಿಂದ ಶುರು. ಹೋದ ಕಡೆಯೆಲ್ಲ ಡಾಕ್ಟರು ಕೇಳುವ ಮೊದಲೇ ನಾನು ರೋಗದ ಹೆಸರು ಹೇಳಿಬಿಡುತ್ತಿದ್ದೆ: “ಡಾಕ್ಟ್ರೇ, ನಾನು ಮಂಜುಗಡ್ಡೆ ಹತ್ತುತ್ತೇನೆ, ಚಳಿಗೆ ಬೆರಳು ಮರಗಟ್ಟಿವೆ.” ಕಲಬುರಗಿಯಲ್ಲಿ ಇಂಥ ಮಾತು ಕೇಳಿದ ಯಾರಿಗಾದರೂ ಕುತೂಹಲ ಹುಟ್ಟುತ್ತದೆ. ಎಲ್ಲಿ ಹತ್ತುತ್ತೀರಿ, ಎಷ್ಟು ಎತ್ತರ, ಭಯ ಆಗುವುದಿಲ್ಲವೇ? ನಾನು ಮೊಬೈಲ್ ತೆಗೆದು ಫೋಟೊ ತೋರಿಸುತ್ತಿದ್ದೆ. ಮಾತೆಲ್ಲ ಫೋಟೊದ ಸುತ್ತ ತಿರುಗಿ, ವಿಟಮಿನ್ ಗುಳಿಗೆಯ ಚೀಟಿಯೊಂದಿಗೆ ಹೊರಬರುತ್ತಿದ್ದೆ. ಹೊರಗೆ ಹೋಗುವಾಗ ಸೀರೆಯ ಮೇಲೆ ಹಾಕಿಕೊಳ್ಳುವ ಉದ್ದ ತೋಳಿನ ಬ್ಲೇಝರನ್ನು ಒಬ್ಬರ ಮುಂದೆಯೂ ಬಿಚ್ಚಲಿಲ್ಲ. ಮೊಳಕೈ ಮೇಲೆ ರೂಪಾಯಿ ಬಿಲ್ಲೆಗಿಂತ ಸ್ವಲ್ಪ ದೊಡ್ಡದಾದ, ಬಣ್ಣ ಕಳೆದುಕೊಂಡ ಒಂದು ಕಲೆ ಇತ್ತು. ಮೈದಾನದ ಬಿಸಿಲಿಗೆ ಆಗಿದ್ದು ಅಂದುಕೊಂಡಿದ್ದೆ. ಅಂಥವೇ ಬೆನ್ನ ಮೇಲೂ ಇದ್ದವಂತೆ, ನನಗೆ ಗೊತ್ತಿರಲಿಲ್ಲ. ಹೀಗೆ ಮೂರು ತಿಂಗಳು ಹೋದವು. ಅಷ್ಟರಲ್ಲಿ ಕಿರುಬೆರಳು ಒಳಕ್ಕೆ ಬಾಗಲು ಶುರುವಾಗಿತ್ತು. ಶಾಲೆಯಲ್ಲಿ ಕೈ ಚಾಚಿ ‘ಸಾವಧಾನ್’ ಹೇಳುವಾಗ ಅದೊಂದು ಬೆರಳು ನನ್ನ ಆಜ್ಞೆ ಪಾಲಿಸುತ್ತಿರಲಿಲ್ಲ.

ಮೇ ತಿಂಗಳಲ್ಲಿ ಶಿವಾನಂದ ಒಂದು ದಿನ ಅಂಗಡಿಯ ಬಾಗಿಲು ಎಳೆದು, ಏನೂ ಹೇಳದೆ ನನ್ನನ್ನು ಸ್ಕೂಟರ್ ಮೇಲೆ ಕೂಡಿಸಿಕೊಂಡು ದೊಡ್ಡ ಸರ್ಕಾರಿ ಆಸ್ಪತ್ರೆಯ ಚರ್ಮದ ವಿಭಾಗಕ್ಕೆ ಕರೆದೊಯ್ದರು. “ಕೈಗೆ ಆಗಿದ್ದಕ್ಕೆ ಚರ್ಮದ ಡಾಕ್ಟರ್ ಯಾಕ್ರೀ?” ಎಂದರೆ, “ಉಳಿದವರನ್ನೆಲ್ಲ ನೋಡಿ ಆತಲ್ಲ,” ಎಂದರು.

ಉದ್ದನೆಯ ಕಾರಿಡಾರ್, ಗೋಡೆಗೆ ಆತುಕೊಂಡ ಬೆಂಚು, ಮೇಲೆ ಸದ್ದು ಮಾಡುತ್ತ ತಿರುಗುವ ಫ್ಯಾನು. ಎದುರಿನ ಬೆಂಚಿನಲ್ಲಿ ಕೂತಿದ್ದವರು ನನಗೆ ಗುರುತಿನವರು. ಹಣಮಂತಪ್ಪ. ಕಮಲಾಪುರದ ಬಸ್ ನಿಲ್ದಾಣದ ಹೊರಗೆ ಬುಟ್ಟಿ ಇಟ್ಟುಕೊಂಡು ಕೆಂಪು ಬಾಳೆಹಣ್ಣು ಮಾರುವವರು. ಎಷ್ಟೋ ವರ್ಷದಿಂದ ಅವರ ಹತ್ತಿರ ಹಣ್ಣು ಕೊಂಡಿದ್ದೇನೆ. ಹಣ್ಣು ನೀವೇ ಆರಿಸಿಕೊಳ್ಳಿ ಎನ್ನುವವರು, ತಮ್ಮ ಕೈಯನ್ನು ಯಾವಾಗಲೂ ಹೆಗಲ ಮೇಲಿನ ವಸ್ತ್ರದೊಳಗೆ ಇಟ್ಟುಕೊಂಡವರು. ಆಸ್ಪತ್ರೆಯ ಆ ಬೆಂಚಿನಲ್ಲಿ ವಸ್ತ್ರ ಹೆಗಲ ಮೇಲೇ ಇತ್ತು, ಕೈಗಳು ತೊಡೆಯ ಮೇಲಿದ್ದವು. ಎರಡೂ ಕೈಯ ಬೆರಳು ಒಳಮಡಚಿಕೊಂಡಿದ್ದವು. ನಾನು ನನ್ನ ಕಿರುಬೆರಳನ್ನು ಸೆರಗಿನೊಳಗೆ ಹಾಕಿಕೊಂಡೆ.

ಡಾಕ್ಟರ್ ಸುಮಾರು ನನ್ನ ವಯಸ್ಸಿನ ಹೆಂಗಸು. ಎಂದಿನ ಹಾಗೆ ನಾನು ಶುರು ಮಾಡಿದೆ, “ಮೇಡಂ, ನಾನು ಮಂಜುಗಡ್ಡೆ...” ಅವರು ಕೈ ಎತ್ತಿ ತಡೆದರು.

“ಅದು ಆಮ್ಯಾಲ ಕೇಳ್ತೀನ್ರಿ. ಮೊದಲ ತೋಳು ತೋರಿಸ್ರಿ.”

ಆ ಕಲೆಯನ್ನು ನೋಡಿದರು. ಮೊಳಕೈಯ ಒಳಬದಿಯಲ್ಲಿ ಒತ್ತಿದರು, ಅಲ್ಲಿ ಒಂದು ನರ ಹಗ್ಗದ ಹಾಗೆ ದಪ್ಪಗಾಗಿತ್ತು. ಕಣ್ಣು ಮುಚ್ಚಲು ಹೇಳಿ ಪೆನ್ನಿನ ತುದಿಯಿಂದ ಮುಟ್ಟುತ್ತ ಹೋದರು. “ಮುಟ್ಟಿದ ಕಡೆ ಬೆರಳು ಇಟ್ಟು ತೋರಿಸ್ರಿ,” ಎಂದರು. ನಾನು ತೋರಿಸುತ್ತ ಹೋದೆ. ಸ್ವಲ್ಪ ಹೊತ್ತಾದ ಮೇಲೆ ಅವರು ಮುಟ್ಟುವುದನ್ನು ನಿಲ್ಲಿಸಿದರು ಅಂದುಕೊಂಡು ಕಾದೆ. ಕಾಯುತ್ತಲೇ ಇದ್ದೆ. ಪಕ್ಕದಲ್ಲಿ ನಿಂತಿದ್ದ ಶಿವಾನಂದ ಗಂಟಲು ಸರಿ ಮಾಡಿಕೊಂಡ ಸದ್ದು ಕೇಳಿ ಕಣ್ಣು ಬಿಟ್ಟೆ. ಪೆನ್ನು ನನ್ನ ಕಿರುಬೆರಳಿನ ಮೇಲೇ ಇತ್ತು, ಚರ್ಮ ಕುಳಿ ಬೀಳುವಷ್ಟು ಒತ್ತಿತ್ತು.

ಕುಷ್ಠ. ಡಾಕ್ಟರ್ ಆ ಹೆಸರನ್ನು ನೆಗಡಿ ಎಂದಷ್ಟೇ ಸಲೀಸಾಗಿ ಹೇಳಿದರು, ಗುಳಿಗೆಯಿಂದ ಪೂರ್ತಿ ವಾಸಿಯಾಗುತ್ತದೆ ಎಂದರು. ಗುಳಿಗೆ ಶುರು ಮಾಡಿದ ಮೇಲೆ ಇನ್ನೊಬ್ಬರಿಗೆ ಹರಡುವ ಭಯವೂ ಇರುವುದಿಲ್ಲ ಎಂದರು. ನನ್ನ ಕಿವಿಗೆ ಏನೂ ಬೀಳಲಿಲ್ಲ. ನಮ್ಮ ಹಿರಿಯರು ಇದರ ಹೆಸರು ಹೇಳದೆ ‘ದೊಡ್ಡ ರೋಗ’ ಎನ್ನುತ್ತಿದ್ದರು. ಆ ಎರಡೇ ಪದ ತಲೆಯಲ್ಲಿ ತಿರುಗುತ್ತಿದ್ದವು. ಕೊನೆಗೆ ನಾನು ಕೇಳಿದ ಪ್ರಶ್ನೆ ಕೇಳಿ ಶಿವಾನಂದರಿಗೆ ಇವತ್ತಿಗೂ ಆಶ್ಚರ್ಯ: “ಜನವರಿಯಲ್ಲಿ ಬರ್ಫ್ ಹತ್ತಬಹುದಾ?”

“ರೋಗ ಹೋಗ್ತದ. ಬೆರಳಿಗಿ ಸ್ಪರ್ಶ ತಿರುಗಿ ಬರ್ತದೋ ಇಲ್ಲೋ ಈಗ ಹೇಳಾಕ ಬರಂಗಿಲ್ಲ,” ಎಂದರು ಡಾಕ್ಟರ್. “ನರ ಕೆಟ್ಟು ಆರು ತಿಂಗಳು ಆಗಿಲ್ಲ, ಅದೊಂದು ಚಲೋ. ಆದ್ರ ಸ್ಪರ್ಶ ಇಲ್ಲದ ಕೈ ತಗೊಂಡು ಬರ್ಫಿಗೆ ಹೋದ್ರ ಬೆರಳೇ ಹೋದಾವು, ನಿಮಗ ಗೊತ್ತೂ ಆಗಂಗಿಲ್ಲ. ಹತ್ತಬೇಕಂದ್ರ ಮೊದಲ ಅವು ನೋಯಬೇಕ್ರಿ.”

ಅಲ್ಲಿಂದ ಮುಂದೆ ನಾನು ಬದುಕಿದ್ದು ಆ ಒಂದು ಮಾತಿಗಾಗಿ. ನೋಯಬೇಕು.

ಹೊರಗೆ ಬಂದಾಗ ಹಣಮಂತಪ್ಪ ಇನ್ನೂ ಕೂತಿದ್ದರು. ಕಾಲಿಗೆ ಮೆತ್ತನೆಯ ಚಪ್ಪಲಿ ಇಸಕೊಳ್ಳಲು ಬಂದವರು. ನಾನು ಮುಖ ತಿರುಗಿಸಿ ಹೋಗಬೇಕೆಂದಿದ್ದೆ, ಅವರೇ ಕರೆದರು.

“ಟೀಚರ್ರೇ, ಕೂಡ್ರಿ. ಇಲ್ಲಿ ನಾ ನಿಮ್ಮನ್ನ ನೋಡಿಲ್ಲ, ನೀವು ನನ್ನ ನೋಡಿಲ್ಲ. ಆತಿಲ್ಲೋ?”

ಆ ಮಾತಿಗೆ ನನಗೆ ಅಳು ಬಂತು. ಅವರು ತಮ್ಮ ಕೈ ಎತ್ತಿ ನನ್ನ ಕಣ್ಣ ಮುಂದೆ ಹಿಡಿದರು. “ನಾ ಆರು ವರ್ಷ ಮುಚ್ಚಿಟ್ಟು ಕುಂತೆ. ಹೊಲದ ಕೆಲಸಕ್ಕ ಕೈ ಗಟ್ಟಿ ಆಗ್ಯಾವ ಅಂತ ತಿಳ್ಕೊಂಡಿದ್ದೆ. ರೋಗ ಹೋಗಿ ಇಪ್ಪತ್ತು ವರ್ಷ ಆತು, ಬೆರಳು ಮಾತ್ರ ಹಿಂಗೇ ಉಳದಾವ. ನಿಮ್ದು ಒಂದೇ ಬೆರಳು ಬಾಗ್ಯದ. ಲಗೂನ ಬಂದೀರಿ.”

ಮುಚ್ಚಿಟ್ಟುಕೊಂಡಿದ್ದ ನನ್ನ ಬೆರಳನ್ನು ಅವರು ಆಗಲೇ ನೋಡಿದ್ದರು. ಕೈ ಗಟ್ಟಿಯಾಗಿದೆ ಎಂದು ಅವರೂ ನನ್ನ ಹಾಗೇ ಅಂದುಕೊಂಡಿದ್ದರು ಎಂಬುದು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಉಳಿಯಿತು.

ಅತ್ತಿಗೆ ಹೇಳಿದ್ದು ಶಿವಾನಂದ. ನಾನು ಒಳಗಿನ ಕೋಣೆಯಲ್ಲಿ ಬಾಗಿಲ ಹಿಂದೆ ನಿಂತಿದ್ದೆ. ಅತ್ತಿ, “ಬರ್ಫಿನಿಂದ ಅಲ್ಲೇನು ಹಂಗಾದ್ರ?” ಎಂದರು. ಅಲ್ಲ ಎಂದಾಗ ಅವರ ಧ್ವನಿಯಲ್ಲಿ ನಿರಾಸೆ ಇತ್ತು. ಇಷ್ಟು ವರ್ಷ ಬೈದ ಬರ್ಫು ಈಗ ನಿರಪರಾಧಿಯಾಗಿತ್ತು.

ಮರುದಿನ ಬೆಳಿಗ್ಗೆ ನನ್ನ ಚಹಾ ಬೇರೆ ಲೋಟದಲ್ಲಿ ಬಂತು. ನಮ್ಮ ಮನೆಯಲ್ಲಿ ಎಲ್ಲರದೂ ಒಂದೇ ತರದ ಸ್ಟೀಲ್ ಲೋಟ. ನನಗೆ ಬಂದದ್ದು ಹಿಡಿಕೆ ಇದ್ದ, ದಪ್ಪ ಗೋಡೆಯ, ಹಳದಿ ಪ್ಲಾಸ್ಟಿಕ್ ಮಗ್ಗು. ತೊಳೆದ ಮೇಲೂ ಅದು ಬೇರೆಯೇ ಕಡೆ ಇರುತ್ತಿತ್ತು. ನಾನು ಕೇಳಲಿಲ್ಲ. ಏನಂತ ಕೇಳುವುದು? ಶಾಲೆಯಲ್ಲಿ ನೂರು ಮಕ್ಕಳನ್ನು ಒಂದು ಸೀಟಿಗೆ ಸಾಲಾಗಿ ನಿಲ್ಲಿಸುವವಳು ಒಂದು ಮಗ್ಗಿನ ಮುಂದೆ ಬಾಯಿ ಬಿಡಲಾರದೆ ಹದಿನೈದು ದಿನ ಕಳೆದೆ. ಆ ಹದಿನೈದು ದಿನ ರೋಗಕ್ಕಿಂತ ಆ ಹಳದಿ ಮಗ್ಗು ನನ್ನನ್ನು ಹೆಚ್ಚು ತಿಂದಿತು. ಕೊನೆಗೊಂದು ಬೆಳಿಗ್ಗೆ ತಡೆಯಲಾಗದೆ, “ಅತ್ತಿ, ನನ್ನ ಲೋಟ ಬ್ಯಾರೆ ಯಾಕ ಇಟ್ಟೀರಿ?” ಎಂದು ಕೇಳಿಯೇ ಬಿಟ್ಟೆ.

ಅತ್ತಿ ಜೋಳದ ಹಿಟ್ಟಿನ ಕೈ ಹಾಗೇ ಹಿಡಿದು ನನ್ನತ್ತ ತಿರುಗಿದರು.

“ಸುಳ್ಳು ಹೇಳಂಗಿಲ್ಲ. ಮೊದಲ ಎರಡು ದಿನ ಅಂಜಿ ಬ್ಯಾರೆ ಇಟ್ಟೆ. ಮೂರನೇ ದಿನ ಆಸ್ಪತ್ರಿಯವರು ಮನಿಗಿ ಬಂದು ನಮ್ಮೆಲ್ಲರ ಮೈ ನೋಡಿ, ನಮಗೂ ಒಂದೊಂದು ಗುಳಿಗಿ ನುಂಗಿಸಿ, ಕೂಡಿ ಉಣ್ರಿ ಅಂತ ಹೇಳಿ ಹೋದ್ರಲ್ಲ, ಅವತ್ತೇ ಅಂಜಿಕಿ ಹೋತು. ಅವತ್ತು ಸಂಜಿಕಿ ನೀ ಸುಡೂ ಸ್ಟೀಲಿನ ಲೋಟ ಎಡಗೈಲೆ ಎತ್ತಿ ಹಿಡಕೊಂಡು ಫೋನ್ನಾಗ ಮಾತಾಡಾಕತ್ತಿದ್ದಿ. ಬೆರಳು ಕೆಂಪಗಾದ್ರೂ ನಿನಗ ಖಬರ್ ಇಲ್ಲ. ಅದಕ್ಕ ಹಿಡಿಕಿ ಇದ್ದ ಮಗ್ಗೇ ಇರಲಿ ಅಂತ ಬಿಟ್ಟೆ.”

“ಹೇಳಬೇಕಿಲ್ಲೇನ್ರಿ?”

“ನೀ ಕೇಳಬೇಕಿಲ್ಲೇನು?”

ಇಬ್ಬರೂ ಹಟಮಾರಿಗಳು. ಅವತ್ತಿನಿಂದ ಅತ್ತಿ ತಾವೂ ಒಂದು ಪ್ಲಾಸ್ಟಿಕ್ ಮಗ್ಗು ತರಿಸಿಕೊಂಡರು, ನೀಲಿ ಬಣ್ಣದ್ದು. ಇದನ್ನು ಬರೆಯುತ್ತೇನೆ ಎಂದಾಗ ಅತ್ತಿ, “ಎಲ್ಲಾ ಬರಿ, ಆ ಮೊದಲ ಎರಡು ದಿನದ್ದು ಬರೀಬ್ಯಾಡ,” ಎಂದರು. ಬರೆಯದಿದ್ದರೆ ಮೂರನೇ ದಿನದ್ದು ಹೇಗೆ ಬರೆಯಲಿ ಎಂದು ವಾದ ಮಾಡಿ ಒಪ್ಪಿಸಿದ್ದೇನೆ.

ಗಲ್ಲಿಯವರಿಗೆ ಮಾತ್ರ ಅತ್ತಿ ಬೇರೆಯೇ ಕಥೆ ಹೇಳಿದ್ದರು. ಆರೋಗ್ಯ ಇಲಾಖೆಯವರು ಯಾಕೆ ಬಂದಿದ್ದರು ಎಂದು ಪಕ್ಕದ ಮನೆಯಾಕೆ ಕೇಳಿದರೆ, “ನಮ್ಮ ಸೊಸಿ ಬರ್ಫ್ ಹತ್ತಾಕ ಹೋಗಿ ಕೈ ಸೆಟಕೊಂಡು ಬಂದಾಳ್ರಿ,” ಎನ್ನುತ್ತಿದ್ದರು. ಇಷ್ಟು ವರ್ಷ ನನ್ನ ಬರ್ಫಿನ ಹುಚ್ಚನ್ನು ಬೀದಿಗೆ ಗೊತ್ತಾಗದ ಹಾಗೆ ಮುಚ್ಚಿಟ್ಟವರು ಈಗ ಕೇಳಿದವರಿಗೂ ಕೇಳದವರಿಗೂ ಅದನ್ನೇ ಹೇಳುತ್ತಿದ್ದರು. ನಾನೂ ಸುಮ್ಮನಿದ್ದೆ. ಆ ಸುಳ್ಳು ನನಗೆ ಬೇಕಾಗಿತ್ತು. ಶಾಲೆಯಲ್ಲಿಯೂ ಅದನ್ನೇ ಹೇಳಿದೆ.

ಹನ್ನೆರಡು ತಿಂಗಳ ಗುಳಿಗೆ. ತಿಂಗಳಿಗೊಮ್ಮೆ ಆಸ್ಪತ್ರೆಯಲ್ಲಿ ಅವರ ಕಣ್ಣೆದುರೇ ನುಂಗಬೇಕಾದದ್ದು ಬೇರೆ. ಅದನ್ನು ನುಂಗಿದ ದಿನ ಮೂತ್ರ ಕೆಂಪಗಾಗುತ್ತಿತ್ತು, ಮೊದಲೇ ಹೇಳಿದ್ದರಿಂದ ಹೆದರಲಿಲ್ಲ. ದಿನ ಕಳೆದಂತೆ ಮೈಬಣ್ಣ ಕಪ್ಪಿಟ್ಟಿತು. ನರಕ್ಕೆಂದು ಕೊಟ್ಟ ಇನ್ನೊಂದು ಗುಳಿಗೆಗೆ ಮುಖ ಊದಿ, ಹಸಿವು ಹೆಚ್ಚಾಗಿ, ರೊಟ್ಟಿ ಸಾಲದೇ ಹೋಯಿತು. ಅದು ಬಂದು ಹೋಗುವ ಬದಲಾವಣೆ ಎಂದು ಗೊತ್ತಿದ್ದರೂ ಕನ್ನಡಿ ನೋಡುವುದು ಬಿಟ್ಟೆ. “ಸೊಸಿ ದುಂಡಗಾದ್ಲು ಅಂತ ಮಂದಿ ನನಗ ಹೊಗಳಾಕತ್ತಾರ,” ಎಂದು ಅತ್ತಿ ನಗಿಸುತ್ತಿದ್ದರು. ದಿನಾ ಸಂಜೆ ಇಪ್ಪತ್ತು ನಿಮಿಷ ಕೈಯನ್ನು ನೀರಲ್ಲಿ ನೆನೆಸಿ, ಎಣ್ಣೆ ಹಚ್ಚಿ, ಬಾಗಿದ ಬೆರಳನ್ನು ಬಲಗೈಯಿಂದ ನೇರ ಮಾಡಿ ಮಾಡಿ ಹಿಡಿಯಬೇಕು. ಆಮೇಲೆ ಎಲ್ಲಾದರೂ ಸುಟ್ಟಿದೆಯೇ, ಕೊಯ್ದಿದೆಯೇ ಎಂದು ಕಣ್ಣಿನಿಂದ ನೋಡಬೇಕು, ಯಾಕೆಂದರೆ ಬೆರಳು ಹೇಳುವುದಿಲ್ಲ. ಈ ನೋಡುವ ಕೆಲಸವನ್ನು ಅತ್ತಿ ತಮ್ಮದಾಗಿಸಿಕೊಂಡರು. ಕನ್ನಡಕ ಹಾಕಿಕೊಂಡು, ನನ್ನ ಅಂಗೈಯನ್ನು ತಮ್ಮ ಮಡಿಲಲ್ಲಿ ಇಟ್ಟುಕೊಂಡು, ಅಕ್ಕಿ ಆರಿಸುವ ಹಾಗೆ ಒಂದೊಂದು ಬೆರಳು ನೋಡುತ್ತಿದ್ದರು.

ಪ್ರತಿ ತಿಂಗಳೂ ಪೆನ್ನಿನ ಪರೀಕ್ಷೆ. ಅಕ್ಟೋಬರ್ ಬಂತು, ನವೆಂಬರ್ ಬಂತು, ಎರಡೂ ಬೆರಳು ಸುಮ್ಮನೇ ಇದ್ದವು. ಜನವರಿ ಹತ್ತಿರವಾಗುತ್ತಿತ್ತು, ತಂಜಿನ್ ಗಡ್ಡೆ ಕಟ್ಟಲು ಶುರುವಾದ ಜಲಪಾತದ ಫೋಟೊ ಕಳಿಸಿದ್ದ. ಡಿಸೆಂಬರಿನ ಪರೀಕ್ಷೆಯಲ್ಲಿ ನಾನು ಮೋಸ ಮಾಡಿದೆ. ರೆಪ್ಪೆಯ ಸಂದಿಯಿಂದ ನೋಡುತ್ತ, ಪೆನ್ನು ಮುಟ್ಟಿದ ಕಡೆಯೆಲ್ಲ ಸರಿಯಾಗಿ ತೋರಿಸಿದೆ. ಡಾಕ್ಟರ್ ಮೇಜಿನ ಮೇಲಿದ್ದ ಫೈಲು ಎತ್ತಿ ನನ್ನ ಮುಖಕ್ಕೂ ಕೈಗೂ ನಡುವೆ ಹಿಡಿದು, ಮತ್ತೆ ಮೊದಲಿಂದ ಶುರು ಮಾಡಿದರು. ನನ್ನ ಕೈ ಎಲ್ಲಿಗೂ ಹೋಗಲಿಲ್ಲ.

“ನನಗ ಸುಳ್ಳು ಹೇಳಬಹುದು ಟೀಚರ್. ಬರ್ಫಿಗಿ ಹೇಳಾಕ ಬರ್ತದೇನ್ರಿ?” ಎಂದರು.

ಆ ಜನವರಿ ನಾನು ಹೋಗಲಿಲ್ಲ. ತಂಡದವರು ಕಳಿಸುತ್ತಿದ್ದ ವಿಡಿಯೊಗಳನ್ನು ನೋಡದೆ ಅಳಿಸಿದೆ. ಸಂಜೆ ಕಮಲಾಪುರದಲ್ಲಿ ಕಲಬುರಗಿಯ ಬಸ್ಸು ಇನ್ನೂ ಬಂದಿಲ್ಲ ಎಂಬ ನೆಪದಲ್ಲಿ ಹಣಮಂತಪ್ಪನವರ ಬುಟ್ಟಿಯ ಪಕ್ಕ ಕೂತುಕೊಳ್ಳುತ್ತಿದ್ದೆ. ಅವರು ರೋಗದ ಮಾತೆತ್ತುತ್ತಿರಲಿಲ್ಲ. ಒಮ್ಮೆ ಮಾತ್ರ, “ನಿಮಗ ಆ ಬೆರಳು ಯಾಕ ಬೇಕ್ರಿ ಅಷ್ಟು? ಉಣ್ಣಾಕ ಬಲಗೈ ಅದ, ಬರಿಯಾಕ ಬಲಗೈ ಅದ,” ಎಂದು ಕೇಳಿದರು. ನಾನು ಬರ್ಫಿನ ಗೋಡೆಯ ಬಗ್ಗೆ ಹೇಳಿದೆ, ‘ಧಪ್’ ಎಂಬ ಸದ್ದಿನ ಬಗ್ಗೆ ಹೇಳಿದೆ. ಮೇಲೆ ಏನಿದೆ ಎಂದು ಅವರು ಕೇಳಲಿಲ್ಲ. “ಹಂಗಾದ್ರ ಬೇಕ್ರಿ,” ಎಂದು ಒಂದು ಹಣ್ಣು ತಾವೇ ಎತ್ತಿ ಕೊಟ್ಟರು. ವಸ್ತ್ರದೊಳಗಿಂದ ಅವರ ಕೈ ಹೊರಗೆ ಬಂದದ್ದನ್ನು ಬಸ್ ನಿಲ್ದಾಣದಲ್ಲಿ ನಾನು ನೋಡಿದ್ದು ಅದೇ ಮೊದಲು.

ಮಾರ್ಚಿನಲ್ಲಿ ಬಿಸಿಲು ಏರಿದ ಮೇಲೆ, ಕೋಟೆಯ ಕಡೆ ಕಬ್ಬಿನ ಹಾಲಿನ ಗಾಡಿಯವನು ಗೋಣಿಚೀಲದಿಂದ ಬರ್ಫಿನ ದೊಡ್ಡ ಹಲಗೆ ತೆಗೆದು ಕಬ್ಬಿಣದ ಸಲಾಕೆಯಿಂದ ಒಡೆಯುತ್ತಿದ್ದ. ಸ್ಕೂಟರ್ ನಿಲ್ಲಿಸಿ ಆ ಸದ್ದು ಕೇಳುತ್ತ ನಿಂತೆ. ಒಂದು ತುಂಡು ಕೊಡು ಎಂದೆ. ಎಡಗೈಯಲ್ಲಿ ಹಿಡಿದೆ. ಕಿರುಬೆರಳಿಗೆ ಏನೂ ಇಲ್ಲ. ಉಂಗುರದ ಬೆರಳಿನ ಬುಡದಲ್ಲಿ, ಬಹಳ ದೂರದಲ್ಲಿ, ಇರುವೆ ಓಡಿದ ಹಾಗಾಯಿತು. ಮನಸ್ಸಿನ ಭ್ರಮೆ ಇರಬೇಕು ಅಂದುಕೊಂಡೆ. ಮುಂದಿನ ಪರೀಕ್ಷೆಯಲ್ಲಿ, ಫೈಲು ಅಡ್ಡ ಹಿಡಿದಿದ್ದಾಗಲೇ, ಉಂಗುರದ ಬೆರಳಿನ ಬುಡವನ್ನು ಎರಡು ಸಲ ಸರಿಯಾಗಿ ತೋರಿಸಿದೆ. ಡಾಕ್ಟರ್ ಫೈಲು ಕೆಳಗಿಟ್ಟು ಚೀಟಿಯಲ್ಲಿ ಏನೋ ಬರೆದರು, ಅವರೂ ನಗುತ್ತಿದ್ದರು.

ಗುಳಿಗೆ ಮುಗಿಯಿತು. ಮೈಬಣ್ಣ ನಿಧಾನವಾಗಿ ತಿಳಿಯಾಯಿತು. ಉಂಗುರದ ಬೆರಳಿನಲ್ಲಿ ಸ್ಪರ್ಶ ದಿನಕ್ಕೆ ಕೂದಲೆಳೆಯಷ್ಟು ಮೇಲೇರಿತು. ಮುಟ್ಟಿದ್ದು ತಿಳಿಯುತ್ತಿತ್ತು, ಚುಚ್ಚಿದರೆ ನೋವು ಮಾತ್ರ ಇರಲಿಲ್ಲ. ಕಿರುಬೆರಳು ಹಾಗೇ ಉಳಿಯಿತು, ಬಾಗಿದ್ದು ಮಾತ್ರ ಅಲ್ಲಿಗೇ ನಿಂತಿತು. ಅದರ ಮುಂದಿನ ಜನವರಿಗೆ ಡಾಕ್ಟರ್ ಷರತ್ತು ಹಾಕಿ ಒಪ್ಪಿದರು: ದಿನಕ್ಕೆ ಒಂದೇ ಸಲ, ಹದಿನೈದು ನಿಮಿಷಕ್ಕಿಂತ ಹೆಚ್ಚಿಲ್ಲ, ಮೇಲಿನಿಂದ ಹಗ್ಗ ಇರಲೇಬೇಕು, ಕೊಡಲಿಯನ್ನು ಮಣಿಕಟ್ಟಿಗೆ ಕಟ್ಟಿರಬೇಕು, ಇಳಿದ ಕೂಡಲೇ ಬೇರೆಯವರು ಬೆರಳು ನೋಡಬೇಕು. ಅತ್ತಿ ತಮ್ಮದೊಂದು ಸೇರಿಸಿದರು. “ಬ್ಯಾರೆಯವರು ಯಾಕ? ನಾ ನೋಡ್ತೀನಿ. ಫೋನ್ನಾಗ ಹತ್ತೂ ಬೆರಳು ತೋರಿಸಬೇಕು.” ಬ್ಯಾಗು ಕಟ್ಟುವಾಗ ಆ ವರ್ಷ ಅವರು ಹಳೆಯ ಪ್ರಶ್ನೆ ಕೇಳಲಿಲ್ಲ. ಚಕ್ಕಲಿಯ ಡಬ್ಬಿಯ ಜೊತೆ ಹಳದಿ ಮಗ್ಗನ್ನೂ ಇಟ್ಟರು.

ತಂಜಿನ್‌ಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದ್ದೆ, ಬರ್ಫಿನ ಸುಳ್ಳು ಹೇಳದೆ. ನಾನು ಬಸ್ಸಿನಿಂದ ಇಳಿದಾಗ ಅವನು ಮೊದಲು ನನ್ನ ಎಡಗೈಯನ್ನೇ ತನ್ನ ಎರಡೂ ಕೈಯಲ್ಲಿ ಹಿಡಿದು ನಮಸ್ಕಾರ ಮಾಡಿದ. ಅವನಷ್ಟು ದೊಡ್ಡ ಮನಸ್ಸು ನನ್ನ ಊರಿನಲ್ಲಿ ಎಷ್ಟು ಜನರಿಗೆ ಇದ್ದೀತು ಎಂದು ಲೆಕ್ಕ ಹಾಕುತ್ತ ಅವತ್ತು ಮಲಗಿದೆ. ಈ ಬರಹಕ್ಕೆ ಅದೂ ಒಂದು ಕಾರಣ.

ಮೊದಲ ಎರಡು ದಿನ ಹತ್ತಿ ಇಳಿದಾಗ ಎಡಗೈಯ ಆ ಎರಡು ಬೆರಳು ಎಂದಿನಂತೆ ಸುಮ್ಮನಿದ್ದವು. ಅತ್ತಿಗೆ ಫೋನಿನಲ್ಲಿ ಹತ್ತೂ ಬೆರಳು ತೋರಿಸಿದೆ, ಅವರು ಒಂದೊಂದನ್ನೂ ಹೆಸರು ಹಿಡಿದು ಕರೆದು ನೋಡಿದರು. ಮೂರನೇ ದಿನ ಬಿಸಿಲಿತ್ತು, ಗಾಳಿ ಇರಲಿಲ್ಲ, ಗಡ್ಡೆ ನೀಲಿಯಾಗಿ ಗಟ್ಟಿಯಾಗಿತ್ತು. ಎಡಗೈಯ ಕೊಡಲಿ ಪ್ರತಿ ಸಲ ಕೂತಾಗ ನಾನು ಕಣ್ಣಿನಿಂದ ನೋಡಿ ಖಾತ್ರಿ ಮಾಡಿಕೊಂಡೇ ಮುಂದಿನ ಹೆಜ್ಜೆ ಇಟ್ಟೆ. ಮೊದಲಿನ ಹಾಗೆ ಓಡುವ ಹತ್ತುವಿಕೆ ಅದಾಗಿರಲಿಲ್ಲ. ಹದಿನೈದು ನಿಮಿಷಕ್ಕೆ ತಂಜಿನ್ ಕೆಳಗಿನಿಂದ ಕೂಗಿದ, ಇಳಿದೆ. ಬಂಡೆಯ ಮೇಲೆ ಕೂತು ಗ್ಲೌಸು ಬಿಚ್ಚಿದೆ. ರಕ್ತ ತಿರುಗಿ ಬರತೊಡಗಿತು. ಬಲಗೈ ಶುರುವಾಯಿತು, ಎಡಗೈಯ ಹೆಬ್ಬೆರಳು ಶುರುವಾಯಿತು, ಹಲ್ಲು ಕಚ್ಚಿ ಹಿಡಿದೆ. ಆಮೇಲೆ, ಎಲ್ಲ ಮುಗಿಯಿತು ಅಂದುಕೊಂಡ ಮೇಲೆ, ಉಂಗುರದ ಬೆರಳಿನ ಒಳಗೆ ಯಾರೋ ಕಾಯಿಸಿದ ದಬ್ಬಣ ಇಳಿಸಿದರು.

ನನಗೆ ಕೂಗಲೂ ಆಗಲಿಲ್ಲ. ಕೈಯನ್ನು ಎದೆಗೆ ಒತ್ತಿಕೊಂಡು ಹಿಂದಕ್ಕೂ ಮುಂದಕ್ಕೂ ತೂಗುತ್ತ ಅತ್ತೆ. ತಂಜಿನ್ ಗಾಬರಿಯಾಗಿ ಓಡಿ ಬಂದವನು ನಾನು ಯಾವ ಬೆರಳು ಹಿಡಿದಿದ್ದೇನೆ ಎಂದು ನೋಡಿ ಅಲ್ಲೇ ನಿಂತುಬಿಟ್ಟ. ಅಷ್ಟರಲ್ಲಿ ಅತ್ತಿಯ ಫೋನು. ಸಂಜೆ ಹಳ್ಳಿಗೆ ಇಳಿದ ಮೇಲೆ ನಾನು ಮಾಡಬೇಕಿದ್ದದ್ದು, ತಡೆಯಲಾಗದೆ ಅವರೇ ಮಾಡಿದ್ದರು, ಆ ಕಣಿವೆಯಲ್ಲಿ ಸಿಗ್ನಲ್ಲೂ ಅವತ್ತು ಒಲಿದಿತ್ತು. ತಂಜಿನ್ ನನ್ನ ಜೇಬಿನಿಂದ ಮೊಬೈಲ್ ತೆಗೆದು ಮುಖದ ಮುಂದೆ ಹಿಡಿದ. ತೆರೆಯ ಮೇಲೆ ಕನ್ನಡಕ ಹಾಕಿ ಕೂತ ಅತ್ತಿ, ಹಿಂದೆ ನಮ್ಮ ಅಡುಗೆಮನೆ.

“ಯಾಕ ಅಳಾಕತ್ತಿ? ಏನಾತು? ಬಿದ್ದೇನು?”

ನಾನು ತಲೆ ಅಲ್ಲಾಡಿಸಿದೆ.

“ನೋಯಾಕತ್ತದ್ರೀ ಅತ್ತಿ.”

“ಎಲ್ಲಿ?”

“ಉಂಗುರದ ಬೆರಳು.”

ಅತ್ತಿ ಕನ್ನಡಕ ತೆಗೆದರು, ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ಹಿಂದಕ್ಕೆ ತಿರುಗಿ, “ಏ ಶಿವ್ಯಾ, ಬಾ ಇಲ್ಲಿ, ಆಕಿಗಿ ನೋಯಾಕತ್ತದಂತ,” ಎಂದು ಕರೆದರು. ಕುರ್ಚಿ ಎಳೆದ ಸದ್ದು, ಶಿವಾನಂದ ಓಡಿ ಬಂದ ಸದ್ದು ಕೇಳಿತು. ಅತ್ತಿ ನನ್ನ ಕಡೆ ತಿರುಗಿ ಮುಖವನ್ನು ಮೊಬೈಲಿಗೆ ತೀರಾ ಹತ್ತಿರ ತಂದರು.

“ಅಳು,” ಎಂದರು. “ಚಲೋತ್ನಾಗಿ ಅಳು. ಚಹಾ ಆಮ್ಯಾಲ ಕುಡಿ.”